ಒಂದು ಹಿಡಿ ಮಾಲ್ಟು

ಭಾನುವಾರ, ಮಾರ್ಚ್ ೧೬

ಮುದ್ದು ಮಗಳೇ,

ಹೇಗಿದ್ದೀಯ? ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ಮೂತಿ ಊದಿಸಿಕೊಂಡಿರುತ್ತೀಯ. ಮಂಡಿನೋವು ಎಂದು ನೆಪ ಹೇಳಬಹುದಿತ್ತು, ಆದರೆ ಪತ್ರ ಬರೆಯುವುದು ಮಂಡಿಯಿಂದಲ್ಲವಲ್ಲ. ಅಪ್ಪನ ಕೆಲಸದ ಕೋಟು ಆಸ್ಪತ್ರೆಯಲ್ಲಿ ಸಿಕ್ಕಿತಾ ಎಂದು ಮತ್ತೆ ಕೇಳಿದ್ದೀಯ. ಅಪ್ಪ ಹೋಗಿ ಎರಡು ವರ್ಷವಾದರೂ ನೀನು ಬಿಟ್ಟಿಲ್ಲ. ಅದಕ್ಕೆ ಏನು ಬರೆಯಲಿ ಎಂದೇ ತಡವಾಯಿತು.

ನಿನ್ನಪ್ಪ ಮೂವತ್ತೊಂದು ವರ್ಷ ದುಡಿದ ಬಿಯರ್ ಕಾರ್ಖಾನೆಯನ್ನು ನಿನ್ನೆ ಮೊದಲ ಸಲ ಒಳಹೊಕ್ಕು ನೋಡಿದೆ. ಹಳೇ ಕಟ್ಟಡವನ್ನು ಈಗ ಟಿಕೆಟ್ ಇಟ್ಟು ತೋರಿಸುತ್ತಾರೆ. ಪಕ್ಕದ ಮನೆ ಟೀಚರಮ್ಮ ಬಲವಂತವಾಗಿ ಎಳೆದುಕೊಂಡು ಹೋದರು. ನಿನ್ನಪ್ಪ ಎಷ್ಟು ಸಲ ಕರೆದಿದ್ದರು. "ನಿಮ್ಮ ಮೈಮೇಲೆ ಕಾರ್ಖಾನೆ ದಿನಾ ಮನೆಗೇ ಬರುತ್ತಲ್ಲ, ಸಾಕು" ಅಂದುಬಿಡುತ್ತಿದ್ದೆ.

ತೋರಿಸಿದವಳು ನಿನ್ನ ವಯಸ್ಸಿನ ಹುಡುಗಿ. ಕೆಳಗೆ ನಮ್ಮ ಅಡುಗೆಮನೆಯಷ್ಟು ದೊಡ್ಡ ತಾಮ್ರದ ಹಂಡೆಗಳು, ಫೋಟೊಗೆ ಜನ ಮುಗಿಬಿದ್ದರು. ನನಗೆ ಬೇಕಿದ್ದದ್ದು ನಿನ್ನಪ್ಪನ ಮಹಡಿ. ಕಡಿದಾದ ಮೆಟ್ಟಿಲು ಹತ್ತುವಷ್ಟರಲ್ಲಿ ಸಾಕುಸಾಕಾಯಿತು. ನೆಲದ ತುಂಬ ನೆನೆದ ಬಾರ್ಲಿ ಹರಡಿದ್ದರು. "ಮೊಳಕೆ ಒಂದಕ್ಕೊಂದು ಹೆಣ್ಕೋಬಾರ್ದು ಅಂತ ಮರದ ಗೋರೇಲಿ ಎಳೀತಾ ಇದ್ರು," ಅಂದಳು ಹುಡುಗಿ. "ಬರಿಗಾಲಲ್ಲಿ, ಹಿಂದೆ ಹಿಂದೆ ನಡೀತಾ. ತಮ್ಮ ಹೆಜ್ಜೆ ತಾವೇ ಅಳಿಸ್ಕೊಂಡು."

ನಾನು ಅಲ್ಲೇ ನಿಂತುಬಿಟ್ಟೆ. ನಿನ್ನನ್ನು ತೊಟ್ಟಿಲಲ್ಲಿ ಮಲಗಿಸಿ ನಿನ್ನಪ್ಪ ಬಾಗಿಲವರೆಗೂ ಹಿಂದೆ ಹಿಂದೆಯೇ ಬರುತ್ತಿದ್ದರು. "ಏನ್ರೀ ಇದು, ಮಹಾರಾಣಿಗೆ ಬೆನ್ನು ತೋರಿಸದೆ ಬರೋ ಹಾಗೆ?" ಎಂದು ಛೇಡಿಸುತ್ತಿದ್ದೆ. "ಅಭ್ಯಾಸ ಕಣೇ" ಅನ್ನುತ್ತಿದ್ದರು. ಎಲ್ಲಿಯ ಅಭ್ಯಾಸ ಎಂದು ನಾನು ಕೇಳಲೇ ಇಲ್ಲ.

ಆಮೇಲೆ ಮೊಳಕೆ ಒಣಗಿಸಿ ಹುರಿಯುವ ಕೋಣೆ. ಬಾಗಿಲು ತೆಗೆದದ್ದೇ ತಡ, ನಿನ್ನಪ್ಪನ ಮೈಯ ಆ ವಾಸನೆ. ಹಿತ್ತಲಲ್ಲಿ ಸ್ನಾನ ಮಾಡುವವರೆಗೂ ಅವರನ್ನು ನಾನು ಒಳಗೆ ಬಿಡುತ್ತಿರಲಿಲ್ಲ. ನೀನು ಮಾತ್ರ ಅಷ್ಟರೊಳಗೆ ಓಡಿಹೋಗಿ ಕೋಟಿನ ತೋಳಿಗೆ ಮೂಗು ತೂರಿಸಿ "ಬಿಸ್ಕತ್ ಅಪ್ಪ" ಅನ್ನುತ್ತಿದ್ದೆ. ನನ್ನ ಕಣ್ಣಲ್ಲಿ ನೀರು ನೋಡಿ ಆ ಹುಡುಗಿ, "ಯಾಕಮ್ಮಾ, ಬಿಸಿ ತಾಗ್ತಾ?" ಅಂದಳು. "ಇಲ್ಲಮ್ಮ, ನಮ್ಮನೆಯವರು ಕೆಲಸದಿಂದ ಬಂದ ಹಾಗಾಯ್ತು" ಅಂದೆ. ಹಾಗೆ ಹುರಿದ ಬಾರ್ಲಿಗೆ ಮಾಲ್ಟು ಅಂತಾರಂತೆ, ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಟ್ಟಳು. ಇದರ ಜೊತೆ ಕಳಿಸಿದ್ದೇನೆ, ಒಬ್ಬಳೇ ಇದ್ದಾಗ ಬಿಚ್ಚು.

ಅಳಿಯಂದಿರನ್ನೂ ಪುಟ್ಟಿಯನ್ನೂ ಕೇಳಿದೆನೆಂದು ಹೇಳು. ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ತಣ್ಣಗೆ ಬಾಳಿ.

ನಿನ್ನ,
ಅಮ್ಮ

ವಿ.ಸೂ.: ಕೋಟು ಆಸ್ಪತ್ರೆಯಲ್ಲಿ ಕಳೆಯಿತು ಎಂದು ನಾನು ಹೇಳಿದ್ದು ಸುಳ್ಳು. ಅಪ್ಪ ಹೋದ ದಿನ ಫೋನಿನಲ್ಲಿ ನೀನು ಕೇಳಿದ್ದು ಒಂದೇ: "ಕೋಟು ಒಗೀಬೇಡಮ್ಮ, ನಾನು ಬರೋವರೆಗೂ ಹಾಗೇ ಇಡು." ಹೂಂ ಅಂದಿದ್ದೆ. ಮರುದಿನ ಶನಿವಾರ. ಪ್ರತಿ ಶನಿವಾರ ಅದನ್ನು ಬಿಸಿನೀರಲ್ಲಿ ನೆನೆಹಾಕುವುದು ನನ್ನ ರೂಢಿ, ಕೈ ತಾನಾಗಿಯೇ ಹಾಕಿಬಿಟ್ಟಿತು. ನೀರು ಕಂದುಬಣ್ಣಕ್ಕೆ ತಿರುಗಿದಾಗ ಎಚ್ಚರವಾಯಿತು. ಎತ್ತಿ ಮೂಸಿದೆ, ಬರೀ ಸೋಪು. ಕೋಟು ನನ್ನ ಬೀರುವಿನಲ್ಲಿದೆ, ಇಸ್ತ್ರಿ ಮಾಡಿಟ್ಟಿದ್ದೇನೆ. ಬಂದು ಎಷ್ಟು ಬೇಕಾದರೂ ಬೈಯಿ, ಆದರೆ ಬಾ.