ಒಂಬತ್ತು ಚೀಲದ ಒಗಟು

ಹುಬ್ಬಳ್ಳಿ

ಮುರುಗೆಪ್ಪನವರಿಗೆ ಶರಣು,

ಫೋನಿನಲ್ಲಾದರೆ ಮತ್ತೆ ಒಗಟಿನ ಚರ್ಚೆಗೇ ಇಳಿಯುತ್ತೇವೆಂದು ಪತ್ರ ಬರೆಯುತ್ತಿದ್ದೇನೆ.

ಮೊನ್ನೆ ನಿಮ್ಮ ಮಗನಿಗಾಗಿ ನಮ್ಮ ಶಿವಲೀಲಾಳನ್ನು ನೋಡಲು ಬಂದ ನೀವು, “ಒಂಬತ್ತು ಜೋಳದ ಚೀಲದಾಗ ಒಂದು ಹಗುರ ಐತಿ. ಎರಡೇ ಸಲ ತೂಗಿ ಹುಡುಕ್ರಿ” ಎಂದಿರಿ. “ನಮ್ಮ ಅಂಗಡ್ಯಾಗ ಹಗುರ ಚೀಲ ಇರಂಗಿಲ್ರಿ!” ಎಂದು ಜೋಳದ ವ್ಯಾಪಾರಿಯಾದ ನಮ್ಮಣ್ಣ ಸಿಟ್ಟಾದ. ಉಪ್ಪಿಟ್ಟು ತಣ್ಣಗಾಯಿತು, ಅವನು ತಣ್ಣಗಾಗಲಿಲ್ಲ. ಆ ಗದ್ದಲದಲ್ಲಿ ಹುಡುಗಿಯನ್ನು ಯಾರೂ ನೋಡಲೇ ಇಲ್ಲ.

ನಿಮ್ಮ ಮಗ ಮಾತ್ರ ನೋಡಿದ್ದಾನೆ. ಇಬ್ಬರೂ ಅಡುಗೆಮನೆಯಲ್ಲಿ ಲಿಂಬೆಹಣ್ಣು ಜೋಡಿಸಿಕೊಂಡು ಒಗಟು ಬಿಡಿಸಿದರಂತೆ. ಉತ್ತರ ನಿಮಗೂ ಗೊತ್ತಿಲ್ಲವಂತೆ! ಮಗಳನ್ನು ಕೇಳಿದರೆ, “ಮದುವಿ ಅಕ್ಕಿಕಾಳು ಬಿದ್ದ ಮ್ಯಾಲ ಹೇಳ್ತೇವಪ್ಪಾ” ಎನ್ನುತ್ತಾಳೆ.

ಬೇಗ ಮುಹೂರ್ತ ನೋಡಿ. ಅಣ್ಣ ಅಂಗಡಿಯ ಚೀಲಗಳನ್ನೆಲ್ಲ ತೂಗುತ್ತ ಕುಳಿತಿದ್ದಾನೆ. ಮೂರು ಹಗುರ ಸಿಕ್ಕಿವೆ. ಹೊರಗೆ ಹೇಳಬೇಡಿ, ಇನ್ನು ನಾವು ಒಂದೇ ಮನೆಯವರಲ್ಲವೇ?

ನಿಮ್ಮ ಬೀಗನಾಗಲಿರುವ,
ರಾಜಶೇಖರ