ಜರ್ಮನಿಗೆ ಬೇಕಾಗಿದ್ದ ಎಕ್ಸ್‌ರೇ

ಗೊಲ್ಲಾಳ,

ಓಟ ಮುಗಿಸಿ ಬಂದ ಕೂಡ್ಲೇ ಇದನ್ನ ಓದು. ರೊಟ್ಟಿ ಬುಟ್ಟಿಯಾಗ ಅವ.

ಗುಲ್ಬರ್ಗಾ ಡಾಕ್ಟರರ ಕಾಗದ ಬಂದದ. ಜರ್ಮನಿಗೆ ಹೋಗ್ಲಿಕ್ಕ ನೀ ತೆಗಿಸಿದ ಎಕ್ಸ್‌ರೇದಾಗ ಎದಿ ತುಂಬ ಕಲ್ಲಿನ ಧೂಳು ಕುಂತದಂತ. ‘ಎಷ್ಟು ವರ್ಷ ಖಣಿಯಾಗ ದುಡದೀರಿ? ತಡಾ ಮಾಡದೇ ಬರ್ರಿ’ ಅಂತ ಬರದಾರ. ಈ ಧೂಳಿಗೆ ಔಷಧ ಇಲ್ಲಂತ.

ಕಾಗದ ಎರಡು ಸಲ ಓದಿದೆ. ಆಮ್ಯಾಲೆ ನೆನಪಾಯ್ತು, ನೀ ಒಂದಿನಾನೂ ಖಣಿಗೆ ಇಳದಾಂವ ಅಲ್ಲ. ಎಕ್ಸ್‌ರೇ ತೆಗಿಸೋ ವಾರ ನಿನಗ ಕೆಮ್ಮಿತ್ತು. ಏನರ ಕಂಡ್ರ ಜರ್ಮನಿ ತಪ್ಪತದ ಅಂತ ಅಂಜಿ, ನಿನ್ನ ಹೆಸರಿಲೆ ನಿನ್ನ ಗೆಳೆಯ ಗನಿಸಾಬನ್ನ ಮಷಿನ್ ಮುಂದ ನಿಂದ್ರಿಸಿದ್ದಿ. ಹನ್ನೆರಡು ವರ್ಷದಿಂದ ಖಣಿಯಾಗ ಫರಸಿ ಕಲ್ಲು ಒಡಿಯಾಂವ! ‘ನನ್ನಷ್ಟು ಗಟ್ಟಿ ಎದಿ ಶಹಾಬಾದದಾಗ ಯಾರದ ಅದ ಅಕ್ಕಾ?’ ಅಂತ ನಕ್ಕೊಂತ ಹೋಗಿದ್ದ. ನಾನೂ ನಕ್ಕಿದ್ದೆ.

ಕ್ರೀಡಾ ವಿಜ್ಞಾನದ ಎಂ.ಎಸ್‌ಸಿ. ಅಂತ, ಓಡೋರ ಉಸಿರು ಅಳೆಯೋ ವಿದ್ಯಾ ಕಲಿಲಿಕ್ಕ ಹೊಂಟಾಂವ ನೀ. ದಿನಾ ಬಾಜೂಕ ಕುಂದ್ರಾಂವ ಏದುಸಿರು ಬಿಡೋದು ನಿನಗ ಕೇಳ್ಸಲಿಲ್ಲೇನು?

ಕಾಗದ ತಗೊಂಡು ಖಣಿಗೆ ಹೊಂಟೀನಿ. ಗನಿಸಾಬಗ ನಾನೇ ಹೇಳ್ತೀನಿ. ಡಾಕ್ಟರರ ಮುಂದ ನೀ ಖರೇ ಹೇಳು, ನಿನ್ನ ಎಕ್ಸ್‌ರೇ ತೆಗಿಸು. ಇವತ್ತು ನೀ ಹೋಗೋ ಗಾಡಿ ತಪ್ಪಿದ್ರ ತಪ್ಪಲಿ.

ನಿನ್ನ ಟ್ರಂಕು ಇವತ್ತು ಸ್ಟೇಷನ್ನಿಗೆ ನಾನೇ ಹೊತ್ಕೊಂಡು ಒಯ್ತೀನಿ ಅಂತ ಅಂವ ನಿನ್ನೆ ಹೇಳಿ ಹೋಗ್ಯಾನ. ದಾರಿಯಾಗ ನನಗ ಸಿಗದೇ ಇಲ್ಲಿಗೇ ಬಂದ್ರ ಕುಂದ್ರಿಸು, ನೀರು ಕೊಡು. ಏನೂ ಹೇಳಬ್ಯಾಡ.

ಟ್ರಂಕು ಮಾತ್ರ ಎತ್ತಲಿಕ್ಕ ಬಿಡಬ್ಯಾಡ.

ಅಕ್ಕ ಸುಂದರಬಾಯಿ