ಸುಂಕದ ಕುರ್ಚಿಯ ಮೇಲೆ ಕುಬುಸ

ಮಾನ್ಯ ಸುಂಕದ ದೊಡ್ಡ ಸಾಹೇಬರ ಸನ್ನಿಧಾನಕ್ಕೆ,

ನಿನ್ನೆ ಮಧ್ಯಾಹ್ನ ಉಂಡು ಅಡ್ಡಾದವನಿಗೆ ಕೆಟ್ಟ ಕನಸು ಬಿತ್ತು. ಕಲಬುರ್ಗಿಯ ಹೊರಗೆ, ಕಮಲಾಪುರದ ದಾರಿಯಲ್ಲಿ ಸುಂಕದ ನಾಕಾಕ್ಕೆ ತಾವು ಕಟ್ಟಿಸಿದ ಹೊಸ ಕಮಾನಿನ ಕೆಳಗೆ ನಿಂತಿದ್ದೇನೆ. ಮೈಮೇಲೆ ಒಂದು ಧೋತರ ಬಿಟ್ಟರೆ ಏನೂ ಇಲ್ಲ. ಕಾರಕೂನರು ನನ್ನ ಹೊಟ್ಟೆಗೆ ಬೆರಳು ಚುಚ್ಚಿ ಒಳಗೇನು ಎಂದು ಕೇಳುತ್ತಾರೆ. ಬರೀ ಚಿಂತೆ ಎಂದರೆ, ಬಿಚ್ಚಿ ತೋರಿಸು ಎನ್ನುತ್ತಾರೆ. ಬಿಚ್ಚಲು ಬರುವುದಿಲ್ಲವಲ್ಲ ಎಂದು ಅಳುತ್ತಾ ಎಚ್ಚರಾದೆ. ಹೆಂಡತಿ ಅಂಬಮ್ಮ ನೀರು ಕೊಟ್ಟು, ಕನಸಿಗೆ ಸುಂಕವಿಲ್ಲ, ಸುಮ್ಮನೆ ಮಲಗಿ ಎಂದಳು. ಸದ್ಯಕ್ಕಿಲ್ಲ ಎಂದು ನಾನು ತಿದ್ದಿದೆ.

ಕನಸು ಬಿದ್ದ ಕಾರಣ ಹೇಳಿಬಿಡುತ್ತೇನೆ. ಆ ನಾಕಾದ ಸಿಪಾಯಿ ಇಮಾಮುದ್ದೀನರನ್ನು ತಾವು ಕೆಲಸದಿಂದ ತೆಗೆದಿದ್ದೀರಿ. ಸರಕಾರಿ ಲೆಕ್ಕದ ಈ ಬಹಮನ್ ತಿಂಗಳು ಮುಗಿಯುವುದರೊಳಗೆ ಅವರೂ ಅವರ ಹೆಂಡತಿ ಲತೀಫಾಬಿಯೂ ನಾಕಾದ ಹಿಂದಿನ ಖೋಲಿ ಖಾಲಿ ಮಾಡಬೇಕೆಂದು ಹುಕುಂ ಆಗಿದೆ. ಅವರ ಮೇಲೆ ತಾವು ಹೊರಿಸಿದ ತಪ್ಪು ಎರಡು. ನಾಕಾ ಬಿಟ್ಟು ಹೋದರು ಎಂಬುದು ಒಂದು. ಸರಕಾರದ ಮಖಮಲ್ ಕುರ್ಚಿಗೆ ತುಪ್ಪದ ಕಲೆ ಹತ್ತಲು ಬಿಟ್ಟರು ಎಂಬುದು ಇನ್ನೊಂದು. ಎರಡಕ್ಕೂ ಮೂಲ ನನ್ನ ಬಸುರಿ ಮಗಳು ಜಯದೇವಿಯ ಕುಬುಸ, ಅಂದರೆ ಸೀಮಂತ. ಕುಬುಸ ಮಾಡಿದವನು ನಾನು, ಹೋಳಿಗೆ ತಿಂದವರು ಊರ ಮಂದಿ, ಕೆಲಸ ಹೋದದ್ದು ಇಮಾಮುದ್ದೀನರದು. ಇದು ಯಾವ ಕಾನೂನಿನ ತಕ್ಕಡಿ, ಸಾಹೇಬರೇ?

ನನ್ನ ಬರಹ ಒರಟಾಗಿದ್ದರೆ ಕ್ಷಮಿಸಬೇಕು. ಅಯ್ಯನವರ ಶಾಲೆಯಲ್ಲಿ ಮೂರನೆಯ ಪುಸ್ತಕ ಅರ್ಧಕ್ಕೆ ಬಂದಾಗ ಊರಿಗೆ ಪ್ಲೇಗು ಬಂತು, ಅಯ್ಯನವರು ಹೊಲದ ಗುಡಿಸಲಿಗೆ ಹೋದವರು ತಿರುಗಿ ಬರಲಿಲ್ಲ. ಉಳಿದರ್ಧ ಪುಸ್ತಕದಲ್ಲಿ ಏನಿತ್ತೋ ಎಂಬ ಚಿಂತೆ ನನಗೆ ಇಂದಿಗೂ ಇದೆ. ಅಧಿಕಾರಿಗಳಿಗೆ ಹೇಗೆ ಬರೆಯಬೇಕೆಂಬುದು ಬಹುಶಃ ಅಲ್ಲಿಯೇ ಇತ್ತು. ಉರ್ದುವಿನಲ್ಲಿ ಬರೆಸಿದ ಅರ್ಜಿ ತಮ್ಮ ಕಚೇರಿಯ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಯಾತ್ರೆ ಹೊರಟಿದೆ, ಮರಳುವ ಸುದ್ದಿಯಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ತಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ, ಕಲಬುರ್ಗಿ ಪೇಟೆಯ ಜಗತ್‌ನ ಅಂಗಡಿಯವರು ಗಟ್ಟಿಯಾಗಿ ಓದಿ ನಗುವುದು ತಮ್ಮ ಕಿವಿಗೆ ಬಿದ್ದೇ ಬೀಳುತ್ತದೆ.

ಮೊದಲು ತಮ್ಮ ಖರ್ಚಿನ ಮಾತು. ಹೈದರಾಬಾದಿನಿಂದ ತಮಗಿಂತ ದೊಡ್ಡ ಸಾಹೇಬರು ನಾಕಾ ನೋಡಲು ಬರುತ್ತಾರೆಂದು ತಾವು ಕಮಾನು ಎಬ್ಬಿಸಿದಿರಿ. ಕಮಾನಿನ ಪಕ್ಕ ಒಂದು ದಿವಾಣಖಾನೆ. ಅದರೊಳಗೆ ಆಳೆತ್ತರದ ಕನ್ನಡಿ, ಚಾವಣಿಯಿಂದ ತೂಗುವ ಗಾಜಿನ ದೀಪಗಳ ಝೂಮರು, ಕಾಲಿಟ್ಟರೆ ಹಿಮ್ಮಡಿ ಕಾಣದ ಗಲೀಚೆ, ಬೆಳ್ಳಿಯ ಗುಲಾಬದಾನಿ, ನಡುವೆ ಆ ಕೆಂಪು ಮಖಮಲ್ ಕುರ್ಚಿ. ಆ ಹೈದರಾಬಾದಿನ ಸಾಹೇಬರು ಬರಲೇ ಇಲ್ಲ. ರೈಲಿನಲ್ಲಿ ನಿದ್ದೆ ಹತ್ತಿ, ಕಲಬುರ್ಗಿ ದಾಟಿ, ಸೊಲ್ಲಾಪುರದಲ್ಲಿ ಕಣ್ಣು ಬಿಟ್ಟರೆಂದು ಮಂದಿ ಆಡಿಕೊಳ್ಳುತ್ತಾರೆ. ಸುಳ್ಳಿರಬಹುದು. ಆದರೆ ಕಮಾನು ಸುಳ್ಳಲ್ಲ, ನಾನು ಅದರ ಕೆಳಗೆ ಗಾಡಿ ಹೊಡೆದಿದ್ದೇನೆ. ಅದರ ಮಗ್ಗುಲಲ್ಲೇ ಎತ್ತುಗಳಿಗೆ ನೀರು ಕುಡಿಸುವ ಕಲ್ಲಿನ ಬಾನಿ ಸೀಳುಬಿಟ್ಟು ಒಣಗಿ ಬಿದ್ದಿದೆ. ರಾತ್ರಿಯಿಡೀ ನಡೆದು ಬಂದ ಎತ್ತು ಝೂಮರು ನೋಡಿ ದಾಹ ತೀರಿಸಿಕೊಳ್ಳಬೇಕೇನು?

ಕಮಾನಿನ ಖರ್ಚು ಎಲ್ಲಿಂದ ಹುಟ್ಟಬೇಕು? ಅದಕ್ಕೆ ತಾವು ಹೊಸ ಕಾಯಿದೆ ತಂದಿರಿ: ಮುಚ್ಚಿದ ಗಂಟು ಯಾವುದಿದ್ದರೂ ನಾಕಾದಲ್ಲಿ ಬಿಚ್ಚಲೇಬೇಕು. ಮೊದಲು ನಮ್ಮ ಬಾಳೆಗೊನೆ ನೋಡಿ ಚೀಟಿ ಹರಿದು ಕೊಡುತ್ತಿದ್ದರು, ಮುಗಿಯುತ್ತಿತ್ತು. ಈಗ ಹಾಸಿಗೆ ಬಿಚ್ಚು, ಹಸುಗೂಸಿನ ಬಟ್ಟೆ ಬಿಚ್ಚು. ಒಬ್ಬ ಮುದುಕಿಯ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆಸಿ ಮೂಸಿ ನೋಡಿದರೆಂದು ಕೇಳಿದ್ದೇನೆ. ಮೂಗು ಸುಟ್ಟಿತೆಂದೂ ಕೇಳಿದ್ದೇನೆ.

ಈ ಕಾಯಿದೆ ಬಂದ ಎರಡನೆಯ ವಾರ ನನ್ನ ಮಗಳ ಕುಬುಸ ಬಂತು. ಕಲಬುರ್ಗಿಯ ಜಗತ್ ಕಡೆ ಅವಳನ್ನು ಕೊಟ್ಟಿದ್ದೇವೆ, ಏಳು ತಿಂಗಳ ಬಸುರಿ. ತಮಗೆ ಗೊತ್ತಿರಲಿಕ್ಕಿಲ್ಲ, ನಮ್ಮಲ್ಲಿ ಕುಬುಸದ ದಿನ ತವರಿನಿಂದ ಬುತ್ತಿ ಹೋಗುತ್ತದೆ. ತಾಯಿ ಕಟ್ಟಿದ ಗಂಟನ್ನು ಮಗಳ ಕೈಯೇ ಬಿಚ್ಚಬೇಕು. ಅದಾಗುವ ತನಕ ಆಕೆ ಬಾಯಿಗೆ ತುತ್ತು ಹಾಕುವಂತಿಲ್ಲ. ದಾರಿಯಲ್ಲಿ ಬೇರೆಯವರು ಬಿಚ್ಚಿದ ಬುತ್ತಿಯನ್ನು ಬೀಗರು ಹೊಸಲು ದಾಟಿಸುವುದಿಲ್ಲ. ಅಂಬಮ್ಮ ಎರಡು ದಿನ ಒಲೆ ಮುಂದೆ ಕುಳಿತು ಶೇಂಗಾದ ಹೋಳಿಗೆ, ಹೂರಣದ ಹೋಳಿಗೆ, ಕರಚಿಕಾಯಿ, ಸಜ್ಜೆ ರೊಟ್ಟಿ ಮಾಡಿದಳು. ಎಲ್ಲವನ್ನೂ ಬುಟ್ಟಿಗೆ ತುಂಬಿ ಬಿಳಿ ಬಟ್ಟೆ ಸುತ್ತಿ ಗಂಟು ಹಾಕಿದಳು. ಹೊರಡುವಾಗ ನನಗೆ ಒಂದೇ ಮಾತು ಹೇಳಿದಳು: ನಾಕಾದಲ್ಲಿ ಮಾತಾಡುವವಳು ತಾನು, ನಾನು ಬಾಯಿ ತೆರೆಯಬಾರದು.

ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ನಾಕಾ ಮುಟ್ಟಿದೆವು. ಕಾರಕೂನ ಅಣವೀರಪ್ಪನವರು ನಮ್ಮ ಕಡೆಯವರೇ, ದೂರದ ನೆಂಟಸ್ತಿಕೆಯೂ ಹತ್ತುತ್ತದೆ. ಆದರೂ ಕಾಯಿದೆ ಎಂದರೆ ಕಾಯಿದೆ, ಗಂಟು ಬಿಚ್ಚಿರಿ ಎಂದರು. ಅಂಬಮ್ಮ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕುಳಿತಳು.

"ಈ ಗಂಟು ನಾ ಕಟ್ಟೀನಿ, ನನ್ನ ಮಗಳು ಬಿಚ್ಚತಾಳ. ನಡುವ ನೀವು ಯಾರ್ರಿ?"

"ನಾ ಸರಕಾರ, ಅವ್ವಾ."

"ಸರಕಾರಕ್ಕ ಕುಬುಸ ಬಂದಾಗ ಹೇಳ್ರಿ. ಅದಕ್ಕೂ ಒಂದು ಬುತ್ತಿ ಕಟ್ಟತೀನಿ."

ಹಿಂದಿನ ಗಾಡಿಯವರು ನಕ್ಕರು. ಅಣವೀರಪ್ಪನವರಿಗೂ ನಗು ಬಂದಿತ್ತು, ಮೀಸೆಯಲ್ಲಿ ಅಡಗಿಸಿಕೊಂಡರು. ಆ ಕ್ಷಣದಲ್ಲಿ ಬಿಟ್ಟೇಬಿಡುತ್ತಿದ್ದರೇನೋ. ಆದರೆ ನಾನಿದ್ದೆನಲ್ಲ. ಸುಮ್ಮನಿದ್ದರೆ ಕಳ್ಳನೆಂದುಕೊಳ್ಳುತ್ತಾರೆಂಬ ಭಯ ನನಗೆ ಹುಟ್ಟಿನಿಂದಲೂ ಇದೆ. ಕೇಳದಿದ್ದರೂ ಒಳಗಿನದೆಲ್ಲ ಒಪ್ಪಿಸತೊಡಗಿದೆ: ಬೆಲ್ಲ ಇದೆ ಸಾಹೇಬರೇ, ತುಪ್ಪ ಇದೆ, ಶೇಂಗಾ ಇದೆ, ಕರಚಿಕಾಯಿಯಲ್ಲಿ ಕೊಬ್ಬರಿ ಇದೆ, ಮತ್ತೆ ಮರೆತಿದ್ದೆ, ಗಸಗಸಿಯೂ ಇದೆ.

ಗಸಗಸಿ ಎಂದದ್ದೇ ತಡ, ಕಾರಕೂನರ ಮೀಸೆ ನೆಟ್ಟಗಾಯಿತು. ಗಸಗಸಿ ಅಫೀಮಿನ ಗಿಡದ ಬೀಜ. ಅಫೀಮಿನ ಸಂಬಂಧದ್ದು ಬೇರೆ ಸಾಹೇಬರು ನೋಡಬೇಕು. ಆ ಸಾಹೇಬರು ಊರಲ್ಲಿಲ್ಲ. ಅವರು ನಾಳೆ ಬರುವ ತನಕ ಬುಟ್ಟಿ ನಾಕಾ ಬಿಡುವಂತಿಲ್ಲ. ಅಂಬಮ್ಮ ನನ್ನ ಕಡೆ ನೋಡಿದ ನೋಟಕ್ಕೆ ತಮ್ಮ ದರಪಟ್ಟಿಯಲ್ಲಿ ದರವಿದ್ದಿದ್ದರೆ ಕಮಾನಿನ ಖರ್ಚು ಅಂದೇ ತೀರಿಹೋಗುತ್ತಿತ್ತು.

ನಾವು ಕೈಕಾಲು ಹಿಡಿದೆವು. ಹೊತ್ತು ಏರಿತು. ಅಲ್ಲಿ ಜಗತ್‌ನಲ್ಲಿ ಹಸಿರು ಸೀರೆ ಉಟ್ಟು ಕುಳಿತ ಹುಡುಗಿ ಎದ್ದಾಗಿನಿಂದ ನೀರಿನ ಮೇಲಿದ್ದಾಳೆ ಎಂದು ಅಂಬಮ್ಮ ಯಾರಿಗೆಂದಿಲ್ಲದೆ ಹೇಳುತ್ತಲೇ ಇದ್ದಳು. ಅದನ್ನು ಕೇಳಿ ಹಿಂದಿನ ಖೋಲಿಯಿಂದ ಲತೀಫಾಬಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಏನಾಯಿತೆಂದು ಗಂಡನನ್ನು ಕೇಳಿ ತಿಳಿದುಕೊಂಡು ನೇರ ಕಾರಕೂನರ ಮುಂದೆ ನಿಂತರು.

"ಕ್ಯಾ ಸಾಬ್, ಬಸುರಿ ಹುಡುಗಿ ಅಲ್ಲಿ ಉಪಾಸ ಕುಂತಾಳ, ನೀವಿಲ್ಲಿ ಗಸಗಸಿ ಹಿಡ್ಕೊಂಡು ಕುಂತೀರಿ. ಬುತ್ತಿ ಒಳಗ ಬಿಡಂಗಿಲ್ಲ ಅಂದ್ರ ಬ್ಯಾಡ. ಹುಡುಗೀನ್ನೇ ಇಲ್ಲಿಗೆ ಕರಸ್ರಿ. ಆಕಿ ಬಿಚ್ಚಲಿ, ನೀವು ಕಣ್ಣು ತುಂಬ ನೋಡ್ರಿ. ಕಾಯಿದೇನೂ ಆಗತದ, ಕುಬುಸಾನೂ ಆಗತದ."

ಕಾರಕೂನರು ಕಾಯಿದೆಯ ಕಾಗದ ತೆಗೆದು ಇನ್ನೊಂದು ಸಲ ಓದಿದರು. ಕಾಯಿದೆಯಲ್ಲಿ ಯಾರು ಬಿಚ್ಚಬೇಕೆಂದು ಹೇಳಿಲ್ಲ, ಬಿಚ್ಚಬೇಕು ಎಂದಷ್ಟೇ ಇದೆ. ಕೊನೆಗೆ ಇಮಾಮುದ್ದೀನರಿಗೆ, ಟಾಂಗಾ ತೆಗೆದುಕೊಂಡು ಹೋಗಿ ಕರೆದುಕೊಂಡು ಬನ್ನಿ ಎಂದು ತಮ್ಮ ಬಾಯಿಂದಲೇ ಹೇಳಿದರು. ಈ ಮಾತನ್ನು ಕೇಳಿದ ಕಿವಿಗಳು ಅಲ್ಲಿ ಬೇಕಾದಷ್ಟಿದ್ದವು. ಇಮಾಮುದ್ದೀನರು ಹೋದರು. ಅವರು ಬರುವ ತನಕ ಅಡ್ಡಗಂಬದ ಹಗ್ಗ ಹಿಡಿದು ನಿಂತವರು ಲತೀಫಾಬಿ. ಒಂದು ಗಾಡಿಯೂ ಚೀಟಿ ಇಲ್ಲದೆ ದಾಟಲಿಲ್ಲ. ಕುಬುಸ ಆಗುತ್ತದೆಂದು ತಿಳಿದ ಮೇಲೆ ದಾಟುವ ಮನಸ್ಸಾದರೂ ಯಾರಿಗಿತ್ತು? ಚೀಟಿ ಮಾಡಿಸಿಕೊಂಡವರೂ ಗಾಡಿ ಬದಿಗೆ ಹಚ್ಚಿ ಕುಳಿತರು. ಮೊದಲನೆಯ ತಪ್ಪಿಗೆ ನನ್ನ ಜವಾಬು ಇಷ್ಟೇ.

ಟಾಂಗಾದಿಂದ ಜಯದೇವಿ ಇಳಿದಳು, ಹಿಂದೆಯೇ ಅವಳ ಅತ್ತೆ ವಿಮಲಾಬಾಯಿ. ಬೀಗತಿಯ ಮುಖ ನೋಡಿ ನಾನು ಗಾಡಿಯ ಹಿಂದೆ ಸರಿದೆ. ಆಕೆ ನಾಕಾದ ಕಟ್ಟೆಯ ಮೇಲೆ ಸೊಸೆಯ ಕುಬುಸ ಮಾಡಿಸಿಕೊಳ್ಳುವ ಹೆಂಗಸಲ್ಲ. ಬಿಸಿಲಲ್ಲಿ ಬಸುರಿಯನ್ನು ಎಲ್ಲಿ ಕೂಡಿಸುವುದು ಎಂಬ ಮಾತು ಬಂದಾಗ ಕಾರಕೂನರೇ ದಿವಾಣಖಾನೆಯ ಬೀಗ ತೆಗೆದರು. ವಿಮಲಾಬಾಯಿ ಒಳಗೆ ಕಾಲಿಟ್ಟರು. ಝೂಮರು ನೋಡಿದರು, ಕನ್ನಡಿ ನೋಡಿದರು, ಕನ್ನಡಿಯಲ್ಲಿ ತಮ್ಮನ್ನೂ ಬುಗುಡಿಯನ್ನೂ ನೋಡಿಕೊಂಡರು. ಆಮೇಲೆ ಮೆತ್ತಗೆ ಹೇಳಿದರು:

"ನಮ್ಮ ಮನ್ಯಾಗ ಮಾಡಿದ್ರ ಇಷ್ಟು ಛಂದ ಆಗತಿದ್ದಿಲ್ಲ ಬಿಡ್ರಿ, ಬೀಗರ."

ಮಾನ್ಯರೇ, ಆ ದಿನ ತಮ್ಮ ಖರ್ಚೆಲ್ಲ ಸಾರ್ಥಕವಾಯಿತು. ಮಖಮಲ್ ಕುರ್ಚಿಯ ಮೇಲೆ ನನ್ನ ಮಗಳು ಕುಳಿತಳು. ಗಾಡಿಗಳಿಂದ ಇಳಿದು ಬಂದ ಹೆಂಗಸರು, ಹೆಸರು ಕುಲ ಗೊತ್ತಿಲ್ಲದವರು, ಗಲೀಚೆಯ ಮೇಲೆ ಕುಳಿತು ಸೋಬಾನ ಹಾಡಿದರು. ಲತೀಫಾಬಿ ತಮ್ಮ ಪೆಟ್ಟಿಗೆಯಿಂದ ಹಸಿರು ಬಳೆ ತಂದು ಅವಳ ಕೈಗೆ ಏರಿಸಿದರು. ಜಯದೇವಿ ಗಂಟು ಬಿಚ್ಚಿದಳು. ಕಾರಕೂನರು ಕಾಯಿದೆಯ ಪ್ರಕಾರ ಬಗ್ಗಿ ನೋಡಿದರು. ಬಗ್ಗಿದವರ ಕೈಗೆ ಆಕೆ ಒಂದು ಕರಚಿಕಾಯಿ ಇಟ್ಟಳು. ಅಫೀಮಿದ್ದಿದ್ದರೆ ಅವರಿಗೆ ಜೋಂಪು ಹತ್ತಬೇಕಿತ್ತು. ಅವರು ಇನ್ನೊಂದು ಕೇಳಿದರು. ಗುಲಾಬದಾನಿ ಹಿಡಿದು ಬಂದವರಿಗೆಲ್ಲ ಪನ್ನೀರು ಚಿಮುಕಿಸಿದವರೂ ಅವರೇ. ಹೈದರಾಬಾದಿನ ಸಾಹೇಬರಿಗೆಂದು ತರಿಸಿದ ಪನ್ನೀರು ನನ್ನ ಬೋಳು ತಲೆಯ ಮೇಲೆ ಬಿತ್ತು. ತಣ್ಣಗಿತ್ತು, ಥಂಡಿಯಾದೀತೆಂದು ಒರೆಸಿಕೊಂಡೆ. ಹೋಳಿಗೆ ನಾಕಾದಲ್ಲೇ ಖರ್ಚಾದ್ದರಿಂದ ಊರೊಳಗೆ ಹೋದ ಸರಕಾಗಲಿಲ್ಲ, ಸುಂಕ ಹತ್ತುವುದಿಲ್ಲ ಎಂದು ಒಬ್ಬ ಗಾಡಿಯವನು ಹೇಳಿದ. ಹೊಟ್ಟೆಯೊಳಗೆ ಹೋಗುತ್ತದಲ್ಲ ಎಂದು ಇನ್ನೊಬ್ಬ. ಕಾರಕೂನರು ಬಾಯಿ ತುಂಬಿಕೊಂಡಿದ್ದರಿಂದ ತೀರ್ಪು ಕೊಡಲಿಲ್ಲ.

ಸುದ್ದಿ ನಮಗಿಂತ ಮೊದಲು ಜಗತ್ ಮುಟ್ಟಿತ್ತು. ಎಣ್ಣೆ ಅಂಗಡಿಯ ರಾಮಣ್ಣ ತಮ್ಮ ಕಚೇರಿಗೇ ಬಂದು, ಮಗನ ಮದುವೆಗೆ ಕುರ್ಚಿ ಬಾಡಿಗೆಗೆ ಸಿಗುತ್ತದೆಯೇ, ಝೂಮರಿಗೆ ಬೇರೆ ಕೊಡಬೇಕೇ ಎಂದು ವಿಚಾರಿಸಿದನಂತೆ. ಅದರ ಮರುದಿನ ಹುಕುಂ ಹೊರಟಿತು. ಊರು ನಕ್ಕದ್ದು ತಮ್ಮ ಕಮಾನಿಗೆ. ನಗು ನಿಲ್ಲಿಸಲು ಕಮಾನು ತೆಗೆಯಲಾಗುವುದಿಲ್ಲ, ಆದ್ದರಿಂದ ಇಮಾಮುದ್ದೀನರನ್ನು ತೆಗೆದಿರಿ. ನಾನು ಅಣವೀರಪ್ಪನವರ ಬಳಿ ಹೋಗಿ, ಕಳಿಸಿದವರು ನೀವೇ ಅಲ್ಲವೇ, ಒಂದು ಮಾತು ಹೇಳಬಾರದೇ ಎಂದು ಕೇಳಿದೆ. "ಮ್ಯಾಲಿಂದ ಬಂದದ, ಕಾಕಾ. ನಾ ಬಾಯಿ ತೆಗದ್ರ ನಾನೂ ಹೋಗತೀನಿ" ಎಂದರು. ಅವರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಹೆದರುವವನ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ನನ್ನ ಮಗಳು ಸುಮ್ಮನಾಗುತ್ತಿಲ್ಲ. ಹೋದ ವಾರ ನೋಡಲು ಹೋದಾಗ ತಟ್ಟೆ ಮುಂದಿಟ್ಟುಕೊಂಡು, "ಅಪ್ಪಾ, ನನ್ನ ಬುತ್ತಿ ಸಲುವಾಗಿ ಅವರ ರೊಟ್ಟಿ ಹೋಯ್ತಲ್ಲ" ಎಂದಳು. ಅರ್ಧ ರೊಟ್ಟಿ ಉಳಿಸಿದಳು. ಲತೀಫಾಬಿ ಪಾತ್ರೆ ಪಡಗ ಕಟ್ಟತೊಡಗಿದ್ದಾರೆ. ಎಲ್ಲಿಗೆ ಹೋಗುತ್ತೀರಿ ಎಂದರೆ, ಸಾಮಾನು ಕಟ್ಟುವುದು ಮೊದಲು, ಊರು ಆಮೇಲೆ ಎಂದು ನಕ್ಕರು. ಆ ನಗು ಕೇಳಿ ಬಂದ ಮೇಲೆ ನನಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ನಡುಗುತ್ತಲೇ ಕೇಳುತ್ತಿದ್ದೇನೆ: ಇಮಾಮುದ್ದೀನರನ್ನು ಖೋಲಿ ಖಾಲಿಯಾಗುವ ಮೊದಲು ಕೆಲಸಕ್ಕೆ ತಿರುಗಿ ತೆಗೆದುಕೊಳ್ಳಿ. ಕುಬುಸದ ಬುತ್ತಿ ಕಟ್ಟಿದ ಹಾಗೆಯೇ ನಾಕಾ ದಾಟಲಿ. ಆಮೇಲೆ ಪುರಸೊತ್ತಾದರೆ ಎತ್ತಿನ ಬಾನಿಗೆ ಒಂದಿಷ್ಟು ಗಚ್ಚು ಹಚ್ಚಿಸಿ.

ಇನ್ನು ಎರಡನೆಯ ತಪ್ಪು, ಕುರ್ಚಿಯ ಕಲೆ. ಮೊನ್ನೆ ಬಾಳೆಗೊನೆಯ ಚೀಟಿ ಮಾಡಿಸುವ ನೆವದಲ್ಲಿ ದಿವಾಣಖಾನೆಯ ಬಾಗಿಲಲ್ಲಿ ನಿಂತು ಇಣುಕಿದೆ. ಮಗಳು ಕುಳಿತಿದ್ದ ಆಸನ ಸ್ವಚ್ಛವಾಗಿದೆ. ಕೈಯಿಟ್ಟಿದ್ದ ತೋಳುಗಳೂ ಸ್ವಚ್ಛ. ಕಲೆ ಇರುವುದು ಬೆನ್ನಿನ ತುದಿಯಲ್ಲಿ, ತಲೆ ಆನಿಸುವ ಕಡೆ, ಗುಂಡಗೆ. ಜಯದೇವಿ ಗಿಡ್ಡ ಹುಡುಗಿ; ಅವಳ ನೆತ್ತಿ ಅಲ್ಲಿಗೆ ಒಂದು ಗೇಣು ಕೆಳಗೇ ಉಳಿಯುತ್ತದೆ. ಹೋಳಿಗೆಯನ್ನು ತಲೆಯ ಹಿಂದೆ ಇಟ್ಟುಕೊಂಡು ತಿನ್ನುವ ಪದ್ಧತಿಯೂ ನಮ್ಮಲ್ಲಿಲ್ಲ. ಬಾಗಿಲ ತನಕ ಬಂದ ವಾಸನೆ ತುಪ್ಪದ್ದಲ್ಲ, ತಲೆಗೆ ಹಚ್ಚುವ ಮಲ್ಲಿಗೆ ಎಣ್ಣೆಯದೆಂದು ನನಗನ್ನಿಸಿತು. ನನ್ನ ಮೂಗೂ ನನ್ನ ಹಾಗೆಯೇ ಗಾಬರಿಯದು, ತಪ್ಪಿರಬಹುದು. ಹುಕುಂ ಬರೆಯುವ ಮೊದಲು ತಾವು ನೋಡಿಯೇ ಇರುತ್ತೀರಿ. ಆದರೂ ಇನ್ನೊಂದು ಸಲ ನೋಡಬೇಕು. ಒಂದು ಮಧ್ಯಾಹ್ನ ಊಟ ಮುಗಿಸಿ, ಬಾಗಿಲು ಮುಂದೆ ಮಾಡಿಕೊಂಡು, ಆ ಕುರ್ಚಿಯಲ್ಲಿ ತಾವೇ ಹಿಂದಕ್ಕೆ ಒರಗಿ ಕುಳಿತು, ತಮ್ಮ ತಲೆ ಎಲ್ಲಿಗೆ ತಾಗುತ್ತದೆಂದು ದಯವಿಟ್ಟು ನೋಡಿಕೊಳ್ಳಬೇಕು.

ಇಂತಿ,
ಈ ಪತ್ರವನ್ನು ಅಚ್ಚಿಗೆ ಕಳಿಸಿ, ಮರುದಿನವೇ ವಾಪಸು ಕೇಳಿಕೊಂಡು ಬರಲು ಹೊರಟು, ನಡುದಾರಿಯಲ್ಲಿ ತಮ್ಮ ನಾಕಾ ಇದೆಯೆಂದು ನೆನಪಾಗಿ ಮನೆಗೆ ತಿರುಗಿದ
ಗುರುಲಿಂಗಪ್ಪ,
ಕಮಲಾಪುರ